ತೋಟದ ಕೋವಿ: ಹಕ್ಕೆಷ್ಟು, ಹೊಣೆಯೆಷ್ಟು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಕೆಲವು ಕೃಷಿಕರ ಮನೆಯಲ್ಲಿ ಇನ್ನೂ ಒಂದು ಕೋವಿ ಇದೆ. ತುಳುವಿನಲ್ಲಿ ಬೆಡಿ. ಮಂಗ ಎಳನೀರು ಕೆಡವುತ್ತದೆ, ಹಂದಿ ಬಾಳೆಯ ಬುಡ ಕೀಳುತ್ತದೆ. ಅದಕ್ಕೇ ಈ ಕೋವಿ.

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ರಕ್ಷಣೆಗೆಂದೇ ಪರವಾನಗಿಗೆ ಅವಕಾಶವಿದೆ. ಹಾಗಂತ ಅದು ಬೇಟೆಯ ಪರವಾನಗಿ ಅಲ್ಲ. ಚುನಾವಣೆ ಬಂದಾಗ ಆದೇಶವಾದರೆ ಕೋವಿ ಪೊಲೀಸ್ ಠಾಣೆಗೆ, ರಶೀದಿ ನಮ್ಮ ಕೈಗೆ!

ಸರಿ, ಮನುಷ್ಯನೇ ಮೈಮೇಲೆ ಬಂದರೆ?

ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕು ಕೊಟ್ಟಿವೆ. ಆದರೆ 37ನೇ ಸೆಕ್ಷನ್ ಗೆರೆ ಎಳೆಯುತ್ತದೆ: ರಕ್ಷಣೆಗೆ ಬೇಕಾದಷ್ಟೇ ಬಲ, ಅದಕ್ಕಿಂತ ಹೆಚ್ಚಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕೂ ಇಲ್ಲ.

ಮಚ್ಚು ಎತ್ತಿ ಎದುರು ಬಂದವನನ್ನು ತಡೆಯುವುದು ಬೇರೆ. ಅಂಗಳದ ಅಡಿಕೆ ಕದ್ದು ಓಡುವವನ ಬೆನ್ನಿಗೆ ಗುಂಡು ಹೊಡೆಯುವುದು ಬೇರೆ. ಎರಡನೆಯದಕ್ಕೆ ಆತ್ಮರಕ್ಷಣೆ ಎಂಬ ಹೆಸರು ಒಪ್ಪುವುದಿಲ್ಲ.

ಮನೆಯಲ್ಲಿ ಕೋವಿ ಇದೆಯಾ? ಮದ್ದು ತೆಗೆದು, ಬೀಗ ಹಾಕಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಸಿಟ್ಟು ಬಂದಾಗ, ಕುಡಿದಾಗ ಮುಟ್ಟಲೇಬೇಡಿ. ಪರವಾನಗಿ ಸರ್ಕಾರದ್ದು, ಕುದುರೆ ಎಳೆಯುವ ಬೆರಳು ನಿಮ್ಮದೇ.