ನೋವು ನಿಂತಿತೆಂದು ಮೈಮರೆಯದಿರೋಣ

ಸುಶ್ರುತ ಸಂಹಿತೆಯಲ್ಲಿ ‘ಅಶ್ಮರೀ’ ಎಂಬ ವ್ಯಾಧಿಯ ವಿವರಣೆಯುಂಟು. ಅಶ್ಮವೆಂದರೆ ಕಲ್ಲು. ಹೊಸದಾಗಿರುವಾಗ ಇದು ಔಷಧಕ್ಕೆ ಮಣಿಯುತ್ತದೆ, ಬೆಳೆದ ಮೇಲೆ ಶಸ್ತ್ರವನ್ನೇ ಬೇಡುತ್ತದೆ ಎಂಬುದು ಆ ಗ್ರಂಥದ ಅಭಿಪ್ರಾಯ. ಮಠದ ಪಾಠಶಾಲೆಯಲ್ಲಿ ಈ ಮಾತನ್ನು ಕೇಳಿದ್ದ ನಮಗೆ ಅದರ ಅರ್ಥವಾದದ್ದು ಅರವತ್ತು ದಾಟಿದ ಮೇಲೆ, ನಮ್ಮದೇ ದೇಹದಲ್ಲಿ.

ಒಂದು ರಾತ್ರಿ ಎಡಪಕ್ಕೆಯಲ್ಲಿ ಹುಟ್ಟಿದ ನೋವು ತೊಡೆಸಂದಿಯವರೆಗೂ ಇಳಿಯಿತು. ಕುಳಿತರೂ ನಿಂತರೂ ಸಮಾಧಾನವಿಲ್ಲ. ನೋವಿನ ಗುಳಿಗೆ, ಹುರುಳಿಕಟ್ಟು, ಬಾಳೆದಿಂಡಿನ ರಸ ಇವುಗಳಲ್ಲೇ ಹತ್ತು ದಿನ ಕಳೆದೆವು. ನೋವು ನಿಂತಿತು, ಹರಳು ಕರಗಿತೆಂದು ಹಿಗ್ಗಿದೆವು. ಮನೆಯ ಸೊಸೆ ಮಾತ್ರ ಒಪ್ಪಲಿಲ್ಲ, ಹಟಹಿಡಿದು ಸ್ಕ್ಯಾನಿಂಗ್ ಮಾಡಿಸಿದಳು. 6 ಮಿಲಿಮೀಟರಿನ ಹರಳು ಮೂತ್ರನಾಳದ ಕೆಳತುದಿಯಲ್ಲಿ ಸಿಕ್ಕಿಕೊಂಡಿತ್ತು. ಮೂತ್ರವು ಹಿಂದೆ ನಿಂತು ಮೂತ್ರಪಿಂಡ ಊದಿಕೊಂಡಿತ್ತು. ನೋವು ಶಮನವಾದ ಮಾತ್ರಕ್ಕೆ ರೋಗ ಶಮನವಾಗದು. ಇಂತಹ ತಡೆ ಸದ್ದಿಲ್ಲದೆ ತಿಂಗಳುಗಟ್ಟಲೆ ಉಳಿದರೆ ಆ ಮೂತ್ರಪಿಂಡವೇ ಕೆಲಸ ನಿಲ್ಲಿಸಬಹುದು.

ವೈದ್ಯರು ನಮಗೆ ಟ್ಯಾಮ್ಸುಲೋಸಿನ್ 0.4 ಮಿಲಿಗ್ರಾಂ ಗುಳಿಗೆಯನ್ನು ನಾಲ್ಕು ವಾರಗಳ ಮಟ್ಟಿಗೆ ಕೊಟ್ಟರು. ಇದು ಹರಳನ್ನು ಕರಗಿಸುವುದಿಲ್ಲ. ಮೂತ್ರನಾಳದ ಸ್ನಾಯುಗಳನ್ನು ಸಡಿಲಿಸಿ ದಾರಿಮಾಡಿಕೊಡುತ್ತದೆ. ನಾಳದ ಕೆಳಭಾಗದಲ್ಲಿರುವ, 5ರಿಂದ 10 ಮಿಲಿಮೀಟರಿನ ಹರಳುಗಳಿಗೆ ಇದರ ಪ್ರಯೋಜನ ಹೆಚ್ಚು. ಅದಕ್ಕಿಂತ ಸಣ್ಣವು ಬಹುಮಟ್ಟಿಗೆ ತಾವಾಗಿಯೇ ಹೊರಬೀಳುತ್ತವೆ. ಈ ಗುಳಿಗೆಯಿಂದ ರಕ್ತದೊತ್ತಡ ಇಳಿದು ತಲೆಸುತ್ತಬಹುದಾದ್ದರಿಂದ ಹಿರಿಯರು ಹಾಸಿಗೆಯಿಂದ ನಿಧಾನವಾಗಿ ಏಳಬೇಕು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರು ಇದನ್ನು ಸೇವಿಸಿರುವ ಸಂಗತಿಯನ್ನು ನೇತ್ರವೈದ್ಯರಿಗೆ ತಪ್ಪದೆ ತಿಳಿಸಬೇಕು. ಡೈಕ್ಲೋಫೆನಾಕ್‌ನಂತಹ ನೋವಿನ ಗುಳಿಗೆಗಳು ಗುಣಕಾರಿಯಾದರೂ, ಮೂತ್ರಪಿಂಡ ದುರ್ಬಲವಾಗಿರುವವರಿಗೆ ಅವೇ ಕೇಡಾದಾವು. ಆದುದರಿಂದ ಅಂಗಡಿಯಿಂದ ತಾವೇ ತಂದು ನುಂಗುವುದು ಸಲ್ಲದು.

ಹದಿನೆಂಟನೆಯ ದಿನ ನಮ್ಮ ಹರಳು ಹೊರಬಿತ್ತು. ಮೂತ್ರವನ್ನು ಸೋಸಿ ಅದನ್ನು ಹಿಡಿದು ಪರೀಕ್ಷೆಗೆ ಕಳುಹಿಸಿದೆವು. ಮುಂದಿನ ಔಷಧ ನಿರ್ಧಾರವಾಗುವುದು ಹರಳಿನ ಜಾತಿಯಿಂದ. ಯೂರಿಕ್ ಆಮ್ಲದ ಹರಳನ್ನು ಪೊಟ್ಯಾಸಿಯಂ ಸಿಟ್ರೇಟ್ ಕರಗಿಸಬಲ್ಲದು. ಅದು ಮೂತ್ರದ ಹುಳಿಗುಣವನ್ನು ತಗ್ಗಿಸುತ್ತದೆ. ಬಹುಜನರಲ್ಲಿ ಕಾಣುವುದು ಕ್ಯಾಲ್ಸಿಯಂ ಆಕ್ಸಲೇಟ್ ಹರಳು. ನಮ್ಮದೂ ಅದೇ. ಇದನ್ನು ಕರಗಿಸುವ ಮದ್ದಿಲ್ಲ. ಮತ್ತೆ ಬಾರದಂತೆ ನೋಡಿಕೊಳ್ಳುವುದೇ ಮಾರ್ಗ.

ಅದಕ್ಕೆ ಬೇಕಾದದ್ದು ಮನೆಯಲ್ಲಿಯೇ ಇದೆ. ದಿನಕ್ಕೆ ಎರಡೂವರೆ ಲೀಟರಿನಷ್ಟು ಮೂತ್ರ ಹೋಗುವಂತೆ ನೀರು ಕುಡಿಯಬೇಕು. ಬೇಸಿಗೆಯಲ್ಲಿ, ಹೊಲದ ಕೆಲಸದಲ್ಲಿ ಇನ್ನೂ ಹೆಚ್ಚು ಬೇಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ವೈದ್ಯರು ಹೇಳಿದಷ್ಟೇ ಕುಡಿಯತಕ್ಕದ್ದು. ಉಪ್ಪಿನಕಾಯಿ, ಹಪ್ಪಳಗಳಲ್ಲಿ ಮಿತಿಯಿರಲಿ. ಹರಳಿನ ಭಯದಿಂದ ಹಾಲು ಮೊಸರನ್ನು ಬಿಡುವುದು ತಪ್ಪು ತಿಳಿವಳಿಕೆ. ಊಟದೊಡನೆ ಸೇರಿದ ಸುಣ್ಣದಂಶವು ಆಕ್ಸಲೇಟನ್ನು ಕರುಳಿನಲ್ಲಿಯೇ ಹಿಡಿದಿಡುತ್ತದೆ.

ಓದುಗ ಬಂಧುಗಳು ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಹರಳಿನ ನೋವಿನೊಡನೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ಒಂದೇ ಮೂತ್ರಪಿಂಡವುಳ್ಳವರಿಗೆ ನೋವು ಕಂಡರೆ ಔಷಧವೆಂದು ಕಾಯದೆ ಆ ಗಳಿಗೆಯಲ್ಲೇ ಆಸ್ಪತ್ರೆ ಸೇರಬೇಕು. ನೋವು ತಾನಾಗಿ ನಿಂತರೂ ಒಮ್ಮೆ ಸ್ಕ್ಯಾನಿಂಗ್ ಆಗಲಿ. ಸೊಸೆಯ ಹಟ ನಮ್ಮ ಮೂತ್ರಪಿಂಡವನ್ನು ಉಳಿಸಿತು. ಮನೆಯ ಕಿರಿಯರ ಮಾತಿಗೂ ಕಿವಿಗೊಡುವುದನ್ನು ನಾವು ಆಗ ಕಲಿತೆವು.