ಸೂಜಿಗಣ್ಣಿನಲ್ಲಿ ಡಿ.ಎನ್.ಎ.

ರಕ್ತಪರೀಕ್ಷೆಯ ವರದಿಯಲ್ಲಿ ಕೆಂಪುಕಣಗಳು ಇಷ್ಟು, ಬಿಳಿಕಣಗಳು ಇಷ್ಟು ಎಂದು ನಮೂದಾಗಿರುವುದನ್ನು ನಾವೆಲ್ಲರೂ ಕಂಡವರೇ. ಅವನ್ನು ಎಣಿಸುವ ಜಾಣ ಉಪಾಯವೊಂದಕ್ಕೆ ಅಮೆರಿಕದ ವ್ಯಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದರು. ಉಪ್ಪುನೀರಿನ ಎರಡು ಪಾತ್ರೆಗಳ ನಡುವೆ ಕಿರುರಂಧ್ರವೊಂದನ್ನಿಟ್ಟು ವಿದ್ಯುತ್ತನ್ನು ಹರಿಸಬೇಕು. ರಕ್ತಕಣವು ರಂಧ್ರವನ್ನು ಹಾಯುವ ಕ್ಷಣದಲ್ಲಿ ಪ್ರವಾಹವು ಕುಗ್ಗುತ್ತದೆ. ಎಷ್ಟು ಸಲ ಕುಗ್ಗಿತೋ ಅಷ್ಟು ಕಣಗಳು.

ಇದೇ ಉಪಾಯದಿಂದ, ನಮ್ಮ ಆನುವಂಶಿಕ ಬರಹವನ್ನು ಹೊತ್ತ ಡಿ.ಎನ್.ಎ. ಅಣುವನ್ನು ಓದಬಹುದೇ? ಅದರ ಜೋಡಿ ಎಳೆಯ ದಪ್ಪ ಕೇವಲ 2 ನ್ಯಾನೋಮೀಟರ್. ಎಂದರೆ ಮಿಲಿಮೀಟರಿನ 5 ಲಕ್ಷದ ಒಂದು ಪಾಲು! 1996ರಲ್ಲಿ ವಿಜ್ಞಾನಿಗಳು ಬ್ಯಾಕ್ಟೀರಿಯದ ಪ್ರೋಟೀನೊಂದರ ರಂಧ್ರದಲ್ಲಿ ಒಂಟಿ ಎಳೆಯನ್ನು ಹಾಯಿಸಿದರು. ಆದರೆ ಆ ಪ್ರೋಟೀನನ್ನು ಹೊತ್ತಿದ್ದ ಕೊಬ್ಬಿನ ಪೊರೆ ಬಹು ನಾಜೂಕು. 2001ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡವು ಸಿಲಿಕಾನ್ ನೈಟ್ರೈಡ್ ಎಂಬ ಗಟ್ಟಿ ಪದಾರ್ಥದ ತೆಳುಹಾಳೆಯಲ್ಲಿ ಅಯಾನು ಕಿರಣಗಳಿಂದ ಇಂಥ ರಂಧ್ರವನ್ನು ರೂಪಿಸಿತು.

ಡಿ.ಎನ್.ಎ.ಯಲ್ಲಿ ಋಣ ವಿದ್ಯುದಂಶವಿರುವುದರಿಂದ ಆಚೆ ಬದಿಯ ಧನಧ್ರುವ ಅದನ್ನು ಸೆಳೆಯುತ್ತದೆ. ನೀರಿನಲ್ಲಿ ಅದು ಸಿಕ್ಕುಬಿದ್ದ ನೂಲಿನ ಉಂಡೆಯಂತಿರುತ್ತದೆ. ಒಮ್ಮೊಮ್ಮೆ ತುದಿ ಮುಂದಾಗಿ ನುಗ್ಗುತ್ತದೆ, ಒಮ್ಮೊಮ್ಮೆ ನಡುವೆ ಮಡಿಸಿಕೊಂಡು ಇಬ್ಬಡಿಯಾಗಿ ನುಗ್ಗುತ್ತದೆ. ಮಡಿಕೆಯಿರುವಷ್ಟು ಹೊತ್ತು ಪ್ರವಾಹವೂ ಇಮ್ಮಡಿ ಕುಗ್ಗುವುದರಿಂದ ಯಂತ್ರಕ್ಕೆ ಅದು ಗೊತ್ತಾಗಿಬಿಡುತ್ತದೆ. ನಮ್ಮ ಅಜ್ಜಿಯರು ದಾರದ ತುದಿಯನ್ನು ನಾಲಗೆಗೆ ಒತ್ತಿ ಹೊಸೆಯುತ್ತಿದ್ದರಲ್ಲ, ಆ ಸೌಕರ್ಯ ಇಲ್ಲಿಲ್ಲ.

ನಿಜವಾದ ತೊಡಕು ಪೋಣಿಸುವುದರಲ್ಲಿಲ್ಲ, ವೇಗದಲ್ಲಿದೆ. ಸುಮಾರು 48,500 ಅಕ್ಷರಜೋಡಿಗಳ ವೈರಸ್ ಡಿ.ಎನ್.ಎ.ಯೊಂದು ಒಂದೆರಡು ಮಿಲಿಸೆಕೆಂಡಿನಲ್ಲಿ ದಾಟಿಹೋಗುತ್ತದೆ. ಅಲ್ಲದೆ ಹಾಳೆ 20 ನ್ಯಾನೋಮೀಟರ್ ದಪ್ಪವಿದ್ದರೆ ಒಮ್ಮೆಗೇ ಸುಮಾರು 60 ಜೋಡಿಗಳು ರಂಧ್ರದೊಳಗಿರುತ್ತವೆ, ಬಿಡಿಯಕ್ಷರ ಕಾಣುವುದೆಂತು? 2010ರಲ್ಲಿ ಗ್ರಾಫೀನ್ ಎಂಬ, ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆಯನ್ನು ಬಳಸಿ ನೋಡಿದರು. ದಪ್ಪ ಇಳಿಯಿತು, ಓಟ ನಿಲ್ಲಲಿಲ್ಲ. ಗ್ಲಿಸರಿನ್ ಬೆರೆಸಿ ದ್ರವವನ್ನು ಮಂದಮಾಡಿದರೆ ಎಳೆಯೇನೋ ನಿಧಾನಿಸುತ್ತದೆ, ಆದರೆ ಸಂಕೇತವೂ ಕ್ಷೀಣಿಸುತ್ತದೆ.

ಆದಕಾರಣ ಗಟ್ಟಿ ರಂಧ್ರಗಳು ಅಣುಗಳನ್ನು ಎಣಿಸಲು, ಅವುಗಳ ಉದ್ದವನ್ನು ಅಳೆಯಲು ಒದಗಿದಷ್ಟು ಸುಲಭವಾಗಿ ಓದುವುದಕ್ಕೆ ಒದಗಿಲ್ಲ. ಓಟದಲ್ಲಿ ಮೊದಲು ಗೆದ್ದದ್ದು ಆ ನಾಜೂಕಿನ ಪ್ರೋಟೀನ್ ರಂಧ್ರವೇ. ಅದರ ಬಾಯಲ್ಲಿ ಕಿಣ್ವವೊಂದನ್ನು ಕಾವಲಿರಿಸಿ, ಎಳೆಯನ್ನು ಹೆಜ್ಜೆಹೆಜ್ಜೆಯಾಗಿ ಬಿಡುವುದು ಸಾಧ್ಯವಾಯಿತು. 2015ರಲ್ಲಿ ಪಶ್ಚಿಮ ಆಫ್ರಿಕದ ಗಿನಿ ದೇಶದಲ್ಲಿ ಎಬೋಲಾ ಹರಡಿದ್ದಾಗ, ಅಂಗೈಯಗಲದ ಇಂಥ ಯಂತ್ರವನ್ನು ಅಲ್ಲಿಗೇ ಒಯ್ದರು. ವೈರಸ್ಸಿನ ಬರಹವನ್ನು ಡಿ.ಎನ್.ಎ. ರೂಪಕ್ಕೆ ನಕಲಿಸಿ ಓದಿದಾಗ, ಮಾದರಿ ಕೈಸೇರಿದ 24 ಗಂಟೆಗಳೊಳಗೇ ಫಲಿತಾಂಶ ದೊರೆಯುತ್ತಿತ್ತು.