ಅಜ್ಜಿಯ ದವಡೆಗೆ ಮೊಮ್ಮಗಳ ಟಾರ್ಚು

ಶ್ರೀನಿವಾಸಪುರದ ಕಡೆ, ಮಾವಿನ ತೋಪುಗಳ ನಡುವಿನ ಸರ್ಕಾರಿ ಶಾಲೆ. ಏಳನೇ ತರಗತಿಯ ಮಕ್ಕಳೆಲ್ಲ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ಹಲ್ಲುಗಳ ನಡುವೆ ತೂರಿಸಿಕೊಂಡಿದ್ದರು. ‘ಮೂರೂ ಹೋಯ್ತಾ?’ ಎಂದು ಮೇಷ್ಟ್ರು ಕೇಳಿದರೆ ಉತ್ತರಿಸಲು ಯಾರ ಬಾಯಿಯೂ ಖಾಲಿ ಇಲ್ಲ!

ಅಡಿಕೆ, ಗುಟ್ಕಾ ಜಗಿದು ಜಗಿದು ಕೆನ್ನೆಯ ಒಳಗೆ ನಾರುಗಟ್ಟಿದರೆ ಬಾಯಿ ಬಿಗಿಯುತ್ತದೆ, ಮೂರು ಬೆರಳು ಹಿಡಿಸುವುದಿಲ್ಲ. ಕ್ಯಾನ್ಸರ್ ಹೊಂಚುಹಾಕುವ ಹಂತ ಅದು. ಮೇ 31ರ ತಂಬಾಕು ರಹಿತ ದಿನದ ಜಾಥಾ, ಘೋಷಣೆ, ಸಿಗರೇಟಿಗೆ ಅಡ್ಡಗೆರೆ ಎಳೆದ ಚಿತ್ರ ಇವುಗಳ ಮೇಲೆ ನನಗೆ ಅಂಥ ನಂಬಿಕೆಯಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು ಸೀಮೆಯ ಹಳ್ಳಿಗಳಲ್ಲಿ ಅಜ್ಜಿಯರು ಸಿಗರೇಟು ಸೇದುತ್ತಾರೆಯೇ? ಅವರದು ಕಡ್ಡಿಪುಡಿ.

ಈ ಕಡ್ಡಿಪುಡಿಯ ವಿಷಯ ಬಂದರೆ ನನಗೆ ಬಿಡಲು ಮನಸ್ಸಾಗದು. ಹೊಗೆಸೊಪ್ಪಿನ ಎಲೆ ತೆಗೆದು ಉಳಿದ ಕಾಂಡ, ತೊಟ್ಟುಗಳನ್ನೇ ಪುಡಿ ಮಾಡಿದ್ದು. ವೀಳ್ಯದೆಲೆ, ಅಡಿಕೆ, ಸುಣ್ಣದ ಜೊತೆ ಸೇರಿ ಕೆನ್ನೆಯ ಸಂದಿಯಲ್ಲಿ ಗಂಟೆಗಟ್ಟಲೆ ಕೂರುತ್ತದೆ. ಕೆಲವರು ಹಾಗೇ ಮಲಗಿಬಿಡುತ್ತಾರೆ. ಉಂಡೆ ಕೂತಲ್ಲೇ ಹುಣ್ಣು. ಹೊಗೆಸೊಪ್ಪು ಬಿಟ್ಟರೆ ಸಾಕೆನ್ನುವಂತೆಯೂ ಇಲ್ಲ: ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ಬೆಳೆಯುವ ನಮ್ಮ ರಾಜ್ಯದಲ್ಲಿ ಇದನ್ನು ಪಿಸುಮಾತಿನಲ್ಲಷ್ಟೇ ಹೇಳುತ್ತಾರೆ.

ಕಾನೂನಿಗೇನೂ ಕೊರತೆಯಿಲ್ಲ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂದು 2003ರ ಕಾಯ್ದೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧ. ಆಮೇಲೆ ಪಾನ್ ಮಸಾಲೆ ಒಂದು ಪ್ಯಾಕೆಟ್ಟು, ತಂಬಾಕು ಇನ್ನೊಂದು; ಬೆರೆಸಿಕೊಂಡರೆ ಮತ್ತದೇ ಗುಟ್ಕಾ. ಅದಕ್ಕೂ ಮುಂಚೆ, 1980ರ ದಶಕದಲ್ಲೇ, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯವರು ಕೋಲಾರ ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಸಿನಿಮಾ, ಚಿತ್ರ ತೋರಿಸಿ ತಂಬಾಕು ಬಿಡಿಸಲು ನೋಡಿದ್ದರು. 1995ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ, ಬಿಟ್ಟವರ ಪ್ರಮಾಣ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಅಜ್ಜಿಯರು ಹಟಮಾರಿಗಳು ಅನ್ನುವವರು ಇದನ್ನು ಓದಬೇಕು.

ಈ ಮೇಷ್ಟ್ರು ಅದನ್ನೆಲ್ಲ ಓದಿರಲಿಕ್ಕಿಲ್ಲ. ಆದರೂ ಹಿಂದಿನ ದಿನ ಮಕ್ಕಳಿಗೆ ಮನೆಗೆಲಸ ಕೊಟ್ಟಿದ್ದರು: ಮೊಬೈಲ್ ಟಾರ್ಚು ಹಿಡಿದು ಮನೆಯ ದೊಡ್ಡವರ ಬಾಯಿ ನೋಡಿ, ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ಬರೆದುಕೊಂಡು ಬನ್ನಿ.

ಎರಡು ಜಡೆಯ ಹುಡುಗಿ ಎದ್ದು ನಿಂತಳು.

‘ಸಾರ್, ನಮ್ಮಜ್ಜಿಗೆ ಎರಡೇ ಬೆರಳು ಹೋಗೋದು. ಎಡಗಡೆ ಬೆಳ್ಳಗಿದೆ.’

ತರಗತಿ ಸುಮ್ಮನಾಯಿತು. ಭಾನುವಾರ ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ ಎಂದು ಮೇಷ್ಟ್ರು ಕೇಳಿ, ಅವಳ ಅಪ್ಪನ ನಂಬರು ಬರೆದುಕೊಂಡರು.

‘ಅಜ್ಜಿ ಬೈಲಿಲ್ವೇನಮ್ಮಾ?’ ಎಂದೆ.

‘ಇಲ್ಲ ಸಾರ್. ಬಾಯಲ್ಲಿದ್ದದ್ದನ್ನ ತೆಗೆದು ಕಿಟಕಿ ಮೇಲಿಟ್ಟು ಬಾಯಿ ತೆಗೆದ್ರು. ನಾನು ನೋಡಿ ಆದ್ಮೇಲೆ ತಿರ್ಗಾ ಹಾಕ್ಕೊಂಡ್ರು.’